ಸೀಸೆಯೊಳಗೆ ಇದ್ದದ್ದು ಯಾವುದು?

2016ರಲ್ಲಿ ‘ಡಿಎನ್‌ಎ ರಿಪೇರ್’ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಬಂಧ ಅಚ್ಚಾಯಿತು. ಎಸ್‌ಸಿಆರ್‌7 ಎಂಬ ರಾಸಾಯನಿಕ ತನ್ನ ಮೇಲೆ ಹೊರಿಸಿದ ಕೆಲಸ ಮಾಡುವುದಿಲ್ಲ ಎಂದು ಅದರ ತಲೆಬರಹವೇ ಸಾರುತ್ತಿತ್ತು. ಆ ರಾಸಾಯನಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ಸಿ. ರಾಘವನ್ ಅವರ ಪ್ರಯೋಗಾಲಯದ ಹೆಮ್ಮೆ. ಪ್ರಬಂಧಕ್ಕೆ ಆರು ಮಂದಿ ಲೇಖಕರು. ಐದನೆಯ ಹೆಸರು ಮೈಕೆಲ್ ಲೀಬರ್, ಸ್ವತಃ ರಾಘವನ್ ಅವರ ಗುರು!

ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮುಗಿಸಿದ ರಾಘವನ್ ಲಾಸ್ ಏಂಜಲಿಸ್‌ನ ಲೀಬರ್ ಬಳಿ ಪಳಗಿದವರು. ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿನಲ್ಲಿ ವರ್ಣತಂತು ಅದೇ ಜಾಗದಲ್ಲೇ ಏಕೆ ಮುರಿಯುತ್ತದೆ ಎಂಬ ಒಗಟಿಗೆ ಗುರು ಶಿಷ್ಯರು ಕೂಡಿ ಬರೆದ ಉತ್ತರ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಎರಡು ವರ್ಷದ ನಂತರ ಶಿಷ್ಯ ಬೆಂಗಳೂರಿಗೆ ಬಂದರು. ಮುರಿಯುವುದು ಹೇಗೆಂದು ತಿಳಿದವರ ಕಣ್ಣು ಈಗ ಕೂಡಿಸುವುದರ ಮೇಲೆ ಬಿತ್ತು.

ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಹರಿಯುತ್ತಲೇ ಇರುತ್ತದೆ. ಹರಿದ ತುದಿ ಕೂಡಿಸುವ ಕೈ ನಿಂತರೆ ಯಂತ್ರ ಎಷ್ಟು ತಿರುಗಿ ಏನು ಬಂತು? ಜೀವಕೋಶದೊಳಗೂ ಡಿಎನ್‌ಎಯ ಎರಡೂ ಎಳೆ ಒಮ್ಮೊಮ್ಮೆ ಕಡಿಯುತ್ತವೆ. ತುದಿಗೆ ತುದಿ ತಂದು ಕೊನೆಯ ಬೆಸುಗೆ ಹಾಕುವುದು ಲೈಗೇಸ್ 4 ಎಂಬ ಕಿಣ್ವ. ವಿಕಿರಣ ಚಿಕಿತ್ಸೆ ಕ್ಯಾನ್ಸರ್ ಕೋಶದ ಎಳೆ ಕಡಿಯುತ್ತದೆ, ಕೋಶ ಮತ್ತೆ ಕೂಡಿಸಿಕೊಂಡು ಬದುಕುತ್ತದೆ. ಆ ಕೂಡಿಸುವ ಕೈಯನ್ನೇ ಕಟ್ಟಿಹಾಕಿದರೆ?

ಅದಕ್ಕೊಂದು ಮಾದರಿ ಆಗಲೇ ಇತ್ತು. ಅಮೆರಿಕದ ಅಲನ್ ಟಾಮ್‌ಕಿನ್ಸನ್ ತಂಡ 2008ರಲ್ಲಿ ಎಲ್‌189 ಎಂಬ ಲೈಗೇಸ್ ತಡೆಯನ್ನು ಪ್ರಕಟಿಸಿತ್ತು. ಅದರ ಜಾಡು ಹಿಡಿದು ಹೊಸ ಅಣುಗಳನ್ನು ಕಟ್ಟುವ ರಸಾಯನಶಾಸ್ತ್ರದ ಕೆಲಸದಲ್ಲಿ ಜೊತೆಯಾದವರು ಬೆಂಗಳೂರಿನ ಕೆಎಲ್‌ಇ ಫಾರ್ಮಸಿ ಕಾಲೇಜಿನ ಸುಭಾಸ್ ಕರ್ಕಿ. ಕೆಎಲ್‌ಇ ಎಂದರೆ 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಸಂಸ್ಥೆ. ಮೂಡಲಗಿ, ಹುಕ್ಕೇರಿ ಕಡೆ ಆ ಹೆಸರು ಕೇಳಿದರೆ ಮೊದಲು ನೆನಪಾಗುವುದು ಬೆಳಗಾವಿಯ ದವಾಖಾನೆ. ಅದರ ಔಷಧ ಕಾಲೇಜೊಂದು ಈ ಕಥೆಯ ನಡುಮನೆಯಲ್ಲಿ ಕೂತಿದೆ ಎಂಬುದು ಈ ಭಾಗದಲ್ಲಿ ಎಷ್ಟು ಜನರಿಗೆ ಗೊತ್ತು? ಅಣುವಿನ ಹೆಸರಿನಲ್ಲಿ ರಾಘವನ್ ಅವರ ಇಂಗ್ಲಿಷ್ ಮೊದಲಕ್ಷರಗಳೇ ಕಾಣುತ್ತವೆ. ಅಣು ಕಟ್ಟಿದವರಿಗೆ ಆ ಭಾಗ್ಯವಿಲ್ಲ.

2012ರ ಡಿಸೆಂಬರ್‌ನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಎಸ್‌ಸಿಆರ್‌7 ಲೋಕಕ್ಕೆ ಪರಿಚಯವಾಯಿತು. ಕೆಲವು ಇಲಿ ಮಾದರಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿತ್ತು. ಮರುವರ್ಷ ರಾಘವನ್ ಅವರಿಗೆ ಭಟ್ನಾಗರ್ ಪ್ರಶಸ್ತಿ. 2015ರಲ್ಲಿ ಅಣುವಿಗೆ ಇನ್ನೊಂದು ಅದೃಷ್ಟ ಖುಲಾಯಿಸಿತು. ಕ್ರಿಸ್ಪರ್ ವಿಧಾನದಲ್ಲಿ ಜೀನ್ ತಿದ್ದುವವರು ಇದನ್ನು ಸೇರಿಸಿದರೆ ನಿಖರ ತಿದ್ದುಪಡಿ 19 ಪಟ್ಟಿನವರೆಗೂ ಏರುತ್ತದೆ ಎಂದರು. ಕಂಪನಿಗಳು ಪುಡಿಯನ್ನು ಸೀಸೆಗೆ ತುಂಬಿ ಮಾರತೊಡಗಿದವು.

ತಂಟೆ ಎದ್ದದ್ದು ಆ ಸೀಸೆಯಿಂದಲೇ. ಎಲ್‌189 ರೂಪಿಸಿದ ಟಾಮ್‌ಕಿನ್ಸನ್ ಅವರೇ ಲೀಬರ್ ಜೊತೆ ಸೇರಿ ಪರೀಕ್ಷೆಗಿಳಿದರು. ಈ ವಸ್ತು ಲೈಗೇಸ್ 4ಕ್ಕಿಂತ 1 ಮತ್ತು 3ನ್ನು ಹೆಚ್ಚು ತಡೆಯುತ್ತದೆ ಎಂದರು. ಪ್ರಕಟವಾದ ರಚನೆಯ ಬಗೆಗೂ ತಕರಾರೆತ್ತಿದರು. ಕಾಗದದ ಮೇಲೆ ಬರೆದ ಅಣು ಹಾಗೇ ಉಳಿಯುವುದಿಲ್ಲ. ತಾನಾಗಿ ಬಾಗಿ ಉಂಗುರವಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡದ್ದರ ಅಣುತೂಕವೂ ಮೊದಲಿನಷ್ಟೇ, 334. ಆಮೇಲೆ ಉತ್ಕರ್ಷಣೆಯಾಗಿ ಎರಡು ಹೈಡ್ರೋಜನ್ ಕಳೆದುಕೊಂಡರೆ 332. ಬರೀ ತೂಕ ನೋಡಿದವರಿಗೆ ಮೊದಲಿನೆರಡು ರೂಪಗಳ ನಡುವಿನ ಭೇದ ಗೊತ್ತೇ ಆಗದು.

ಪ್ರಶಸ್ತಿ ಬಂದರೆ ಫೋಟೊ ಹಾಕುವ ನಮ್ಮ ವಿಜ್ಞಾನ ಬರವಣಿಗೆಗೆ ಇಂಥ ಜಗಳವೆಂದರೆ ಮುಜುಗರ. ರುಚಿ ಇರುವುದಾದರೋ ಇಲ್ಲೇ.

ರಾಘವನ್ ತಂಡ ಸುಮ್ಮನಾಗಲಿಲ್ಲ. 2018ರಲ್ಲಿ ‘ಫೆಬ್ಸ್ ಜರ್ನಲ್’ನಲ್ಲಿ ಉತ್ತರ ಕೊಟ್ಟಿತು: ಅಣು ಉಂಗುರವಾಗುವುದು ನಿಜ, ಉತ್ಕರ್ಷಣೆಯಾಗುವುದೂ ನಿಜ. ಆದರೆ ಎರಡೂ ರೂಪಗಳು ಬೆಸುಗೆಯನ್ನು ತಡೆಯುತ್ತವೆ, ಅದೂ ಲೈಗೇಸ್ 4ನ್ನೇ ಅವಲಂಬಿಸಿ. ರಚನೆಯ ತಕರಾರಿನಲ್ಲಿ ಇಬ್ಬರೂ ಹತ್ತಿರ ಬಂದರು. ಕೆಲಸದ ತಕರಾರು ಹಾಗೇ ಉಳಿಯಿತು.

ಎಸ್‌ಸಿಆರ್‌7 ಇನ್ನೂ ಔಷಧಿ ಅಂಗಡಿಯ ಮಾತ್ರೆಯಾಗಿಲ್ಲ. ರಾಸಾಯನಿಕ ಮಾರುವವರ ಪಟ್ಟಿಯಲ್ಲಿ ಮಾತ್ರ ಅದು ಸಿಗುತ್ತದೆ. 332 ತೂಕದ ರೂಪಕ್ಕೆ ಅಲ್ಲೀಗ ಬೇರೆಯದೇ ಚೀಟಿ ಅಂಟಿದೆ: ಎಸ್‌ಸಿಆರ್‌7 ಪೈರಜೀನ್.