ಎಂಸಿಬಿ ಬೀಳಲೇ ಇಲ್ಲ

ಪುಣೆಯ ಬಾಡಿಗೆ ಮನೆಗೆ ಹೋದ ಚಳಿಗಾಲ 2000 ವ್ಯಾಟಿನ ಹೀಟರ್ ತಂದೆ. ಮಗಳ ಕೋಣೆಯಲ್ಲಿ ದೊಡ್ಡ ಸಾಕೆಟ್ ಇರಲಿಲ್ಲ. ಕನ್ವರ್ಟರ್ ಪ್ಲಗ್ ಹಾಕಿ 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದೆ. ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ. ಮಗಳು ಮಲಗಿದ್ದಳು. ಪ್ಲಗ್ ಮೆತ್ತಗಾಗಿತ್ತು, ಎಂಸಿಬಿ ಮಾತ್ರ ಬಿದ್ದಿರಲಿಲ್ಲ!

ಲೆಕ್ಕ ಪಿಯುಸಿಯದೇ, ನಾನೇ ಮರೆತಿದ್ದೆ. 2000ವನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಎಂಸಿಬಿ 16ರದ್ದು, ಅದು ಯಾಕೆ ಬೀಳಬೇಕು? ಆದರೆ ಹೀಟರಿನ ಕಾಯಿಲಿನಲ್ಲಿ ಹರಿಯುವಷ್ಟೇ ಕರೆಂಟು ಬೋರ್ಡಿನ ತೆಳು ವೈರಿನಲ್ಲೂ ಸಡಿಲ ಪಿನ್ನಿನಲ್ಲೂ ಹರಿಯುತ್ತದೆ. ಪಿನ್ ಸಡಿಲವಾದಲ್ಲಿ ರೋಧ ಹೆಚ್ಚು, ಬಿಸಿಯೂ ಹೆಚ್ಚು. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು, ನಮ್ಮ ಬೋರ್ಡನ್ನಲ್ಲ. ಈಗ ಬೇರೆ ದಪ್ಪ ವೈರ್ ಎಳೆಸಿ 16 ಆಂಪಿಯರ್ ಸಾಕೆಟ್ ಹಾಕಿಸಿದ್ದೇನೆ. ಓನರ್ ಇನ್ನೂ ದುಡ್ಡು ಕೊಟ್ಟಿಲ್ಲ.