ನಯೋಬಿಯಂ ಧನಾಗ್ರವೂ ದೂರವಾಣಿಯ ಧಾರಕವೂ

ಬೆಂಗಳೂರು ದಂಡಿನ ಪೂರ್ವಕ್ಕೆ, ಕೃಷ್ಣರಾಜಪುರದ ಸಮೀಪದಲ್ಲಿ ದೂರವಾಣಿನಗರವಿದೆ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ ಆ ಹೆಸರು ಬಂದಿತು. ಹಳೆಯ ದೂರವಾಣಿಯೊಂದನ್ನು ಬಿಚ್ಚಿ ನೋಡಿದರೆ ಗಂಟೆಯ ಸುರುಳಿಯೊಡನೆ ಸರಣಿಯಲ್ಲಿ ಜೋಡಿಸಿದ ಕೆಪ್ಯಾಸಿಟರ್, ಎಂದರೆ ಧಾರಕ, ಕಾಣುತ್ತದೆ. ನೇರ ವಿದ್ಯುತ್ತನ್ನು ತಡೆದು, ಗಂಟೆ ಬಾರಿಸುವ ಪರ್ಯಾಯ ವಿದ್ಯುತ್ತನ್ನು ಮಾತ್ರ ಹಾಯಗೊಡುವುದು ಅದರ ಕೆಲಸ. ಟ್ರಾನ್ಸಿಸ್ಟರ್ ಬಳಕೆಗೆ ಬಂದ ಮೇಲೆ, ಕಿರಿದಾದ ಗಾತ್ರದಲ್ಲಿ ಹೆಚ್ಚು ಧಾರಕತೆ ಬೇಕಾಯಿತು. 1950ರ ದಶಕದಲ್ಲಿ ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದಲ್ಲಿ ಘನ ಟ್ಯಾಂಟಲಂ ಧಾರಕ ರೂಪುಗೊಂಡದ್ದು ಈ ಅಗತ್ಯದಿಂದ. ಅದರ ನಂಟಿನ ಲೋಹವಾದ ನಯೋಬಿಯಂ ಏಕೆ ಹಿಂದುಳಿಯಿತೆಂಬುದೇ ನಮ್ಮ ವಿಚಾರ.

ನಂಟು ಹೆಸರಿನಲ್ಲಿಯೇ ಇದೆ. 1801ರಲ್ಲಿ ಹ್ಯಾಚೆಟ್ ಕಂಡುಹಿಡಿದು ಕೊಲಂಬಿಯಂ ಎಂದು ಕರೆದ ಲೋಹಕ್ಕೆ 1844ರಲ್ಲಿ ಹೈನ್ರಿಕ್ ರೋಸ್ ನಯೋಬಿಯಂ ಎಂದು ಹೆಸರಿಟ್ಟನು. ಗ್ರೀಕ್ ಪುರಾಣದ ನಯೋಬಿ ಟ್ಯಾಂಟಲಸನ ಮಗಳು.

ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಬೆಸೆದ ರಂಧ್ರಮಯ ಗುಳಿಗೆಯೇ ಧನಾಗ್ರ. ಆಮ್ಲದ್ರವದಲ್ಲಿ ವಿದ್ಯುತ್ ಹಾಯಿಸಿದಾಗ ಅದರ ಮೇಲೆ ಆಕ್ಸೈಡಿನ ತೆಳುಪೊರೆ ಬೆಳೆಯುತ್ತದೆ. ಈ ಪೊರೆಯೇ ಧಾರಕದ ವಿದ್ಯುನ್ನಿರೋಧಕ. ನಯೋಬಿಯಂ ಆಕ್ಸೈಡಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 41, ಟ್ಯಾಂಟಲಂ ಆಕ್ಸೈಡಿನದು 27. ಇಷ್ಟನ್ನೇ ನೋಡಿ ನಯೋಬಿಯಂ ಮೇಲೆನ್ನುವ ವಾದವನ್ನು ನಾವು ಒಪ್ಪಲಾರೆವು. ಪ್ರತಿ ವೋಲ್ಟಿಗೆ ಬೆಳೆಯುವ ಪೊರೆಯ ದಪ್ಪ ನಯೋಬಿಯಂನಲ್ಲಿ ಸುಮಾರು 2.5 ನ್ಯಾನೊಮೀಟರ್, ಟ್ಯಾಂಟಲಂನಲ್ಲಿ 1.7. ಸ್ಥಿರಾಂಕವನ್ನು ದಪ್ಪದಿಂದ ಭಾಗಿಸಿದರೆ ಎರಡಕ್ಕೂ ಸುಮಾರು 16 ಬರುತ್ತದೆ! ನಿಜವಾದ ಲಾಭವಿರುವುದು ತೂಕದಲ್ಲಿ ಮತ್ತು ಬೆಲೆಯಲ್ಲಿ: ಘನ ಸೆಂಟಿಮೀಟರಿಗೆ ನಯೋಬಿಯಂ 8.57 ಗ್ರಾಂ, ಟ್ಯಾಂಟಲಂ ಸುಮಾರು 16.6.

ದೋಷ ಬೇರೆಡೆಯಲ್ಲಿದೆ. ಪೊರೆಯ ಮೇಲೆ ಋಣಾಗ್ರವಾಗಿ ಮ್ಯಾಂಗನೀಸ್ ಡೈಆಕ್ಸೈಡನ್ನು ಕೂಡಿಸಲು 200 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಕಾವು ಬೇಕು. ಆ ಕಾವಿಗೆ ನಯೋಬಿಯಂ ಪೊರೆಯ ಆಮ್ಲಜನಕವು ಒಳಗಿನ ಲೋಹಕ್ಕೆ ಇಳಿದುಹೋಗುತ್ತದೆ. ಪೊರೆ ಕ್ಷೀಣಿಸಿ ಸೋರಿಕೆಯ ಪ್ರವಾಹ ಹೆಚ್ಚುತ್ತದೆ. ಹಗಲಿರುಳು ವರ್ಷಗಟ್ಟಲೆ ದುಡಿಯಬೇಕಾದ ದೂರವಾಣಿ ಉಪಕರಣದಲ್ಲಿ ಇದನ್ನು ಸಹಿಸುವಂತಿರಲಿಲ್ಲ. ಟ್ಯಾಂಟಲಂ ವಿರಳವಾಗಿದ್ದ ಸೋವಿಯತ್ ಒಕ್ಕೂಟವು ಮಾತ್ರ 1960ರ ದಶಕದಲ್ಲಿ ನಯೋಬಿಯಂ ಧಾರಕಗಳನ್ನು ತಯಾರಿಸಿ ಬಳಸಿತು.

2000ದಲ್ಲಿ ಟ್ಯಾಂಟಲಂ ಬೆಲೆ ವಿಪರೀತವಾಗಿ ಏರಿದಾಗ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ಈ ಸಲ ಶುದ್ಧ ಲೋಹಕ್ಕೆ ಬದಲು ನಯೋಬಿಯಂ ಮಾನಾಕ್ಸೈಡನ್ನೇ ಧನಾಗ್ರವಾಗಿ ಮಾಡಿದರು. ಮೊದಲೇ ಆಮ್ಲಜನಕವನ್ನು ಹೊಂದಿರುವ ಈ ವಸ್ತು ಪೊರೆಯಿಂದ ಅದನ್ನು ಅಷ್ಟಾಗಿ ಸೆಳೆಯದು; ಕೆಟ್ಟರೂ ಟ್ಯಾಂಟಲಂನಂತೆ ಸುಲಭವಾಗಿ ಹೊತ್ತಿ ಉರಿಯದು. ಆದರೆ ಅದರ ವೋಲ್ಟೇಜಿನ ಮಿತಿ ಸುಮಾರು 10. ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿ ಮಂಡಲಕ್ಕೆ ಅದು ನೇರವಾಗಿ ಒದಗದು. ಐದು ವೋಲ್ಟಿನೊಳಗೆ ನಡೆಯುವ ಸಣ್ಣ ಮಂಡಲಗಳಲ್ಲಿಯೇ ಅದಕ್ಕೆ ನೆಲೆ.