ಸಂಬಳವಿಲ್ಲದ ಹುಡುಗನ ನೋವು

ಅಪಘಾತದಲ್ಲಿ ದುಡಿಯುವವನ ಕಾಲು ಮುರಿದರೆ ಲೆಕ್ಕಕ್ಕೊಂದು ಹಿಡಿಕೆ ಇರುತ್ತದೆ. ಸಂಪಾದನೆ ಎಷ್ಟು, ವಯಸ್ಸೆಷ್ಟು, ಅಂಗವೈಕಲ್ಯದಿಂದ ದುಡಿಮೆಗೆ ಬಿದ್ದ ಪೆಟ್ಟೆಷ್ಟು ಎಂದು ನೋಡಿ, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. 'ನೋವು ಮತ್ತು ಯಾತನೆ' ಅದರ ಪಕ್ಕದಲ್ಲೊಂದು ಸಣ್ಣ ಸಾಲು. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ಎರಡನೇ ಅನುಸೂಚಿ ಆ ಸಾಲಿಗೂ ದರ ಕಟ್ಟಿತು: ತೀವ್ರ ಗಾಯಕ್ಕೆ 5,000 ರೂಪಾಯಿ, ಉಳಿದವಕ್ಕೆ 1,000.

ಈ ಲೆಕ್ಕ ಎಡವಿದ್ದು ಮಕ್ಕಳ ಮುಂದೆ. ಶಾಲೆಗೆ ಹೋಗುವ ಹುಡುಗನಿಗೆ ಎಲ್ಲಿಯ ಸಂಪಾದನೆ? ದುಡಿಯದವರಿಗೆಂದು ಅನುಸೂಚಿ ವರ್ಷಕ್ಕೆ 15,000 ರೂಪಾಯಿಯ ಊಹೆಯ ವರಮಾನ ಬರೆದಿತ್ತು. ಗುಣಿಸುವವರು ಅದನ್ನೇ ಗುಣಿಸುತ್ತಿದ್ದರು.

2013ರ ಆಗಸ್ಟ್‌ನಲ್ಲಿ ಕರ್ನಾಟಕದ ಹುಡುಗನೊಬ್ಬನ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಪೆಟ್ಟಾದಾಗ ಅವನಿಗೆ 12 ವರ್ಷ. ಹಣದ ನಷ್ಟಕ್ಕೇ ಒತ್ತು ಕೊಡುವ ಅನುಸೂಚಿಯನ್ನು ಮಗುವಿಗೆ ಹಚ್ಚುವುದು ನ್ಯಾಯವಲ್ಲ ಎಂದಿತು ಪೀಠ. ಸಂಬಳದ ಅಂಕಣ ಖಾಲಿಯಾದಾಗ ಅದರ ನೆರಳಲ್ಲಿದ್ದದ್ದು ಕಣ್ಣಿಗೆ ಬಿತ್ತು. ನೋವು, ಆಘಾತ, ಹತಾಶೆ, ಗಟ್ಟಿ ಕೈಕಾಲಿನ ಮಗು ಸುಮ್ಮನೆ ಅನುಭವಿಸುವ ಸಂತೋಷಗಳು ತಪ್ಪಿಹೋದದ್ದು: ಮಗುವಿನ ನಷ್ಟವೆಂದರೆ ಮುಖ್ಯವಾಗಿ ಇವೇ.

ಅಲ್ಲಿಂದ ಒಂದು ಏಣಿ ಸಿದ್ಧವಾಯಿತು. ಚಿಕಿತ್ಸೆಯಂಥ ಖರ್ಚುಗಳನ್ನು ಬೇರೆಯಾಗಿ ಕೊಟ್ಟು, ಉಳಿದದ್ದಕ್ಕೆಲ್ಲ ಸೇರಿಸಿ, ಇಡೀ ದೇಹದ ಶಾಶ್ವತ ಅಂಗವೈಕಲ್ಯ ಶೇ 10ರವರೆಗಿದ್ದರೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದಕ್ಕೂ ಮೇಲಾದರೆ 6 ಲಕ್ಷ. ಹುಡುಗನಿಗೆ ಸಿಕ್ಕ ಒಟ್ಟು 3,75,000 ರೂಪಾಯಿಯಲ್ಲಿ 3 ಲಕ್ಷ ಈ ಬಾಬತ್ತಿನದೇ.

ಏಣಿಯ ತುದಿಯೇ ನೋವಿನ ತುದಿಯಲ್ಲವೆಂದು ಬೇಗ ಗೊತ್ತಾಯಿತು. 2020ರಲ್ಲಿ, ಪೂರ್ತಿ ಪರಾವಲಂಬಿಯಾಗಿದ್ದ ಬಾಲಕಿಯೊಬ್ಬಳಿಗೆ ಅದೇ ನ್ಯಾಯಾಲಯ ನೋವು ಮತ್ತು ಸುಖನಷ್ಟಕ್ಕೆಂದೇ 15 ಲಕ್ಷ ಕೊಟ್ಟಿತು. 2024ರ ನವೆಂಬರಿನಲ್ಲಿ ಕರ್ನಾಟಕದ ಇನ್ನೊಂದು ಕಡತ ತೆರೆಯಿತು. ಈ ಸಲ ಗಾಯಾಳು ವಯಸ್ಕ, ಸಂಬಳದಾರ. ಲೆಕ್ಕಕ್ಕೆ ಹಿಡಿಕೆ ಇತ್ತು. ಆದರೂ ನ್ಯಾಯಮೂರ್ತಿಗಳು ಆ ಸಣ್ಣ ಸಾಲಿನ ಬಳಿ ನಿಂತರು. ನೋವೆಂದರೇನು, ಸಂಕಟವೆಂದರೇನು ಎಂದು ಪುಟಗಟ್ಟಲೆ ಚರ್ಚಿಸಿ, ಅಲ್ಲಿದ್ದ 2 ಲಕ್ಷವನ್ನು 15 ಲಕ್ಷ ಮಾಡಿದರು.